ಹೊಗೆಗೆ ಕಟ್ಟಿದ ಪಾಲು

"ಗುರುಗಳೇ, ಸಿಟ್ಟಿಲ್ಲದೆ ದೂರ ಇರೋದು ತಪ್ಪಾ?" ಎಂದು ಲಕ್ಕಯ್ಯ ಕೇಳಿದ.

ಗುರುಗಳು ಒಲೆಯ ಮುಂದೆ ಕುಳಿತು ಕೆಂಡದಲ್ಲಿ ಗೆಣಸು ಸುಡುತ್ತಿದ್ದರು. ತಲೆ ಎತ್ತದೆ, "ಯಾರಿಂದ ದೂರ?" ಎಂದರು.

"ನಮ್ಮಕ್ಕನಿಂದ. ಅವ್ವ ಸತ್ತ ಮೇಲೆ ನನ್ನ ಸಾಕಿದೋಳು ಅವಳೇ. ಒಂದು ಮಾತು ಬಂತು, ಹೋಯ್ತು. ಆರು ವರ್ಷದಿಂದ ಆ ಕಡೆ ಹೋಗಿಲ್ಲ. ಆದರೆ ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನ ಎದೆಯಲ್ಲಿ ಅವಳ ಜಾಗ ಹಾಗೇ ಇದೆ. ಒಂದು ಮಾತು ಹೇಳಿ ಕಳಿಸಿದರೆ ಸಾಕು, ಆ ಗಳಿಗೇನೇ ಎದ್ದು ಹೋಗ್ತೀನಿ."

ಗುರುಗಳು ಇಕ್ಕಳದಿಂದ ಗೆಣಸನ್ನು ಮಗುಚಿ ಹಾಕಿದರು. ಬಾಗಿಲ ಬಳಿ ಇನ್ನೂ ನಾಲ್ಕು ಜನ ಶಿಷ್ಯರು ಕುಳಿತಿದ್ದರು. ಅವರತ್ತ ತಿರುಗಿ, "ಇವನಿಗೆ ಒಂದು ಕತೆ ಹೇಳಬೇಕು. ಕತೆ ಬಾಡಿನದು. ಮೂಗು ಮುಚ್ಚಿಕೊಳ್ಳೋರು ಈಗಲೇ ಎದ್ದು ಹೋಗಿ" ಎಂದರು. ಯಾರೂ ಏಳಲಿಲ್ಲ. ಬಾಡು ತಿನ್ನದ ಇಬ್ಬರು ಇನ್ನಷ್ಟು ಹತ್ತಿರಕ್ಕೆ ಸರಿದು ಕುಳಿತರು.

ಗುರುಗಳು ಹೇಳಿದರು.

ಬೆಟ್ಟದ ಬುಡದಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಬ್ಬಳೇ ತಂಗಿ. ಅವಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದ. ಇವನ ಅಂಗಳದಲ್ಲಿ ನಿಂತರೆ ಅವಳ ಮನೆಯ ಸೂರು ಕಾಣುತ್ತಿತ್ತು, ಅವಳ ಅಂಗಳದಲ್ಲಿ ನಿಂತರೆ ಇವನ ಮನೆಯ ಹೊಗೆ ಕಾಣುತ್ತಿತ್ತು. ನಡೆದರೆ ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟು ದಾರಿ.

ಆ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಮನೆಮನೆಯಲ್ಲೂ ಸಾಕಿದ ಹಂದಿ ಕಡಿಯುತ್ತಿದ್ದರು. ಹಸಿ ಬಾಡು ಎರಡು ದಿನದ ಊಟಕ್ಕಾಗುತ್ತಿತ್ತು. ಉಳಿದದ್ದನ್ನು ಉದ್ದಕ್ಕೆ ಸೀಳಿ, ಉಪ್ಪು ಅರಿಸಿನ ತಿಕ್ಕಿ, ನಾರಿಗೆ ಪೋಣಿಸಿ, ಒಲೆಯ ಮೇಲಿನ ಬಿದಿರು ತಟ್ಟಿಗೆ ತೂಗು ಹಾಕುತ್ತಿದ್ದರು. ದಿನದ ಅಡುಗೆಯ ಹೊಗೆ ತಾಗಿ ಅದು ಕಪ್ಪಾಗಿ, ಗಟ್ಟಿಯಾಗಿ, ಕೆಡದೆ ಉಳಿಯುತ್ತಿತ್ತು. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ದಿನ ಒಂದು ತುಂಡು ಇಳಿಸಿ, ನೆನೆಸಿ, ಕುಟ್ಟಿ, ಬೇಯಿಸುತ್ತಿದ್ದರು.

ಅಲ್ಲಿ ಒಂದು ಪದ್ಧತಿ ಇತ್ತು. ಹಂದಿ ಕಡಿದ ದಿನ ಎಲ್ಲರಿಗಿಂತ ಮೊದಲು ಹೆಣ್ಣುಮಗಳ ಪಾಲು ತೆಗೆದಿಡಬೇಕು. ಅದನ್ನು ಅಣ್ಣತಮ್ಮಂದಿರೇ ಹೊತ್ತು ಅವಳ ಮನೆಗೆ ಮುಟ್ಟಿಸಬೇಕು. ಆಳಿನ ಕೈಯಲ್ಲಿ ಕಳಿಸುವ ಹಾಗಿಲ್ಲ. ಅವಳಾಗಿ ಬಂದು ಕೇಳುವ ಹಾಗೂ ಇಲ್ಲ. ಕೇಳಿ ಪಡೆದರೆ ಅದಕ್ಕೆ ಪಾಲು ಎನ್ನುತ್ತಿರಲಿಲ್ಲ, ಭಿಕ್ಷೆ ಎನ್ನುತ್ತಿದ್ದರು. ಗಂಡನ ಮನೆಯಲ್ಲಿ ಆ ಹೆಣ್ಣಿಗೆ ಮತ್ತೆ ತಲೆ ಎತ್ತಲಾಗುತ್ತಿರಲಿಲ್ಲ.

ಈ ರೈತನಿಗೆ ಪದ್ಧತಿಗಿಂತ ತಂಗಿಯ ಮೇಲಿನ ಪ್ರೀತಿಯೇ ಹೆಚ್ಚು. ಅವಳು ಚಿಕ್ಕವಳಾಗಿದ್ದಾಗ, ಹಂದಿ ಕಡಿದ ಕೂಡಲೇ ಹೊಟ್ಟೆಯೊಳಗಿನ ಈಲಿಯನ್ನು, ಅಂದರೆ ಮೆತ್ತನೆಯ ಯಕೃತ್ತನ್ನು ಕೊಯ್ದು, ಕಡ್ಡಿಗೆ ಚುಚ್ಚಿ, ಕೆಂಡದ ಮೇಲೆ ಸುಟ್ಟು, ಉಪ್ಪು ಉದುರಿಸಿ ಮೊದಲು ಅವಳ ಬಾಯಿಗೆ ಇಡುತ್ತಿದ್ದ. ಸುಟ್ಟ ಈಲಿಯನ್ನು ಇಟ್ಟು ತಿನ್ನಲಾಗದು. ಬಿಸಿ ಆರಿತೆಂದರೆ ಮುಗಿಯಿತು. ಅವಳು ಬಾಯಿ ಸುಟ್ಟುಕೊಂಡು ಕುಣಿಯುವುದು, ಇವನು ನಗುವುದು, ಪ್ರತಿ ವರ್ಷ ಇದೇ ಆಟ. ಮದುವೆಯಾದ ಮೇಲೂ ಪಾಲು ಹೊತ್ತು ಹೋಗುವಾಗ ಹಸಿ ಈಲಿಯನ್ನು ಬೇರೆ ಎಲೆಯಲ್ಲಿ ಸುತ್ತಿಕೊಂಡು ಹೋಗಿ, ಅವಳ ಒಲೆಯಲ್ಲೇ ಸುಟ್ಟು ಕೊಡುತ್ತಿದ್ದ. ಇಬ್ಬರಿಗೂ ತಲೆ ನರೆತರೂ ಅದು ನಿಂತಿರಲಿಲ್ಲ.

ಹೀಗಿರುವಾಗ ಒಂದು ವರ್ಷ ಪಾಲು ಹೊತ್ತು ಹೋದ. ಜಗುಲಿಯಲ್ಲಿ ತಂಗಿಯ ಗಂಡ ಕುಳಿತಿದ್ದ. ಎಲೆ ಬಿಚ್ಚಿ ನೋಡಿದವನೇ, "ಈ ಸಲ ಎಲುಬೇ ಜಾಸ್ತಿ ಕಣಪ್ಪ" ಎಂದ. ತಮಾಷೆಗೆ ಅಂದನೋ, ನಿಜಕ್ಕೂ ಅಂದನೋ, ಅವನಿಗೇ ಗೊತ್ತಿರಲಿಕ್ಕಿಲ್ಲ. ಮಾತು ಬಾಯಿಂದ ಹೊರಬಿದ್ದರೆ ಆಡಿದವರಿಗೆ ಭಾರ ಇಳಿಯಿತು. ತಂಗಿ ಹಿತ್ತಲಲ್ಲಿ ಅಣ್ಣ ತಂದ ಬಾಡಿಗೆಂದು ಖಾರ ಅರೆಯುತ್ತಿದ್ದಳು. ಕಲ್ಲಿನ ಸದ್ದು ಜಗುಲಿಗೂ ಕೇಳುತ್ತಿತ್ತು. ಅದು ನಿಲ್ಲಲಿಲ್ಲ. ಗಂಡ ಅಂದದ್ದು ಅವಳಿಗೆ ಕೇಳಿಸಿದೆ, ಕೇಳಿಸಿಯೂ ಸುಮ್ಮನಿದ್ದಾಳೆ ಎಂದುಕೊಂಡ ಅಣ್ಣ. ಈಲಿ ಸುಡದೆ, ನೀರೂ ಕುಡಿಯದೆ ಎದ್ದು ಬಂದ.

ಮರುವರ್ಷ ಹಂದಿ ಕಡಿದಾಗ ಅವನು ಪಾಲು ತೆಗೆಯುವುದನ್ನು ಮರೆಯಲಿಲ್ಲ. ಹಿಂದೆಂದೂ ತೆಗೆಯದಷ್ಟು ಒಳ್ಳೆಯ ಪಾಲು ತೆಗೆದ. ಒಂದು ಚೂರು ಎಲುಬು ಇರದ ಹಾಗೆ ತಾನೇ ಕುಳಿತು ಬಿಡಿಸಿದ. ಉಪ್ಪು ತಿಕ್ಕಿ, ನಾರಿಗೆ ಪೋಣಿಸಿ, ತಟ್ಟಿಯ ನಟ್ಟನಡುವೆ ಕಟ್ಟಿದ.

ಹೆಂಡತಿ ನೋಡಿ, "ಅದ್ಯಾಕೆ ಮ್ಯಾಲೆ ಕಟ್ತೀರಿ? ಹೊಳೆ ದಾಟುದ್ರೆ ಮನೆ, ಕೊಟ್ಬುಟ್ಟು ಬನ್ನಿ" ಎಂದಳು.

"ಅವಳೇ ಬರ್ಲಿ. ಬಂದು ಕಣ್ಣಾರೆ ನೋಡ್ಲಿ, ಎಲುಬು ಎಷ್ಟದೆ ಅಂತ. ನಂಗೇನು ಸಿಟ್ಟಿಲ್ಲ. ಅವಳ ಪಾಲು ಎಲ್ಲಿಗೂ ಹೋಗಲ್ಲ" ಎಂದ ರೈತ.

ಪಾಲು ಎಲ್ಲಿಗೂ ಹೋಗಲಿಲ್ಲ, ತಂಗಿಯೂ ಬರಲಿಲ್ಲ. ಅವಳು ಬರುವ ಹಾಗಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಸಂಜೆ ಹೊಳೆಯ ಕಡೆ ಯಾರಾದರೂ ಬರುವುದು ಕಂಡರೆ ಎದ್ದು ನಿಲ್ಲುತ್ತಿದ್ದ.

ಎರಡನೆಯ ವರ್ಷ ಇನ್ನೊಂದು ಸರ ಕಟ್ಟಿದ. ಮೂರನೆಯ ವರ್ಷ ಮತ್ತೊಂದು. ಮನೆಯವರು ತಮ್ಮ ಪಾಲನ್ನು ಮಳೆಗಾಲದಲ್ಲಿ ತಿಂದು ಮುಗಿಸುತ್ತಿದ್ದರು. ತಂಗಿಯ ಸರಗಳನ್ನು ಯಾರೂ ಮುಟ್ಟುವಂತಿರಲಿಲ್ಲ. ಅವನ್ನು ಕಾಯುವುದೇ ಅವನಿಗೆ ಒಂದು ಕಸುಬಾಯಿತು. ಅಡುಗೆ ಮುಗಿದರೂ ಒಲೆ ಆರಲು ಬಿಡುತ್ತಿರಲಿಲ್ಲ. ಅರೆ ಒಣಗಿದ ಕಟ್ಟಿಗೆ ಒಟ್ಟಿ, ಮೇಲೆ ಭತ್ತದ ಹೊಟ್ಟು ಸುರಿದು ಹೊಗೆ ಎಬ್ಬಿಸುತ್ತಿದ್ದ. ತಿಂಗಳಿಗೊಮ್ಮೆ ಸರಗಳನ್ನು ಇಳಿಸಿ, ಹುಳು ಬಿದ್ದಿದೆಯೇ ಎಂದು ನೋಡಿ, ಒರೆಸಿ, ಮತ್ತೆ ಕಟ್ಟುತ್ತಿದ್ದ. ಗೋಡೆ ಕಪ್ಪಾಯಿತು. ಹೆಂಡತಿಗೆ ಕೆಮ್ಮು ಹತ್ತಿತು. ಅವಳು ಕೆಮ್ಮುತ್ತಲೇ, "ನಿಮ್ ತಂಗೀನ ನೋಡ್ಕೊಂಡಿದ್ರೂ ಇಷ್ಟು ಜ್ವಾಪಾನ ಮಾಡ್ತಿರ್ಲಿಲ್ಲ" ಎಂದು ಚುಚ್ಚಿದರೆ ಅವನಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ನೋಡಿ, ಮನುಷ್ಯ ಎಂಥ ಮಾತಿಗೆಲ್ಲ ಉಬ್ಬುತ್ತಾನೆ!

ಹೀಗೆ ಒಂಬತ್ತು ವರ್ಷ ಕಳೆಯಿತು. ತಟ್ಟಿಯಲ್ಲಿ ಒಂಬತ್ತು ಸರ ತೂಗಿದವು.

ಒಂಬತ್ತನೆಯ ವರ್ಷದ ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ತಂಗಿಯ ಸೊಸೆ ಹೊಳೆ ದಾಟಿ ಬಂದಳು. ಅತ್ತೆ ಹಾಸಿಗೆ ಹಿಡಿದು ತಿಂಗಳಾಯಿತು, ಬರೀ ಗಂಜಿ ಕುಡಿಯುತ್ತಾರೆ, ಒಮ್ಮೆ ಬಂದು ನೋಡಿ ಎಂದಳು. ಅವಳು ಪಾಲಿನ ಮಾತೆತ್ತಲಿಲ್ಲ. ರೈತ ಏಣಿ ಹಾಕಿ ಒಂಬತ್ತು ಸರಗಳನ್ನೂ ಇಳಿಸಿದ. ಹೆಗಲ ಮೇಲೆ ಹೊತ್ತು ಹೊರಟ. ಅಷ್ಟು ವರ್ಷ ದಾಟಲಾಗದ ಹೊಳೆ ಅವನ ಮೊಣಕಾಲಿಗೂ ಬರಲಿಲ್ಲ.

ಸೊಸೆ ಹಳೆಯ ಸರದಿಂದ ಒಂದು ತುಂಡು ತೆಗೆದು ಬೇಯಲು ಇಟ್ಟಳು. ಮಧ್ಯಾಹ್ನದವರೆಗೂ ಬೆಂದರೂ ಅದು ಮೆತ್ತಗಾಗಲಿಲ್ಲ. ರೈತ ಅದರಿಂದ ಒಂದು ಎಳೆ ಬಿಡಿಸಿ ತಂಗಿಯ ಬಾಯಿಗೆ ಇಟ್ಟ. ಅವಳ ಬಾಯಲ್ಲಿ ಹಲ್ಲಿರಲಿಲ್ಲ. ಅಗಿಯಲಾಗದೆ ಸ್ವಲ್ಪ ಹೊತ್ತು ಚೀಪಿದಳು. ನುಂಗಲಾರದೆ ಅವನ ಅಂಗೈಗೇ ಉಗಿದಳು. ಹೋದ ಸಲ ನೋಡಿದಾಗ ಅವಳ ಹಲ್ಲು ಗಟ್ಟಿಯಾಗಿದ್ದವು. ಹಲ್ಲು ಯಾವಾಗ ಹೋದವು ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ತಂಗಿ ಅವನ ಕೈ ಹಿಡಿದುಕೊಂಡಳು. "ದಿನಾ ನಿನ್ ಮನೆ ಹೊಗೆ ನೋಡ್ತಿದ್ದೆ ಕಣಣ್ಣ. ಅಣ್ಣ ಚೆನ್ನಾಗವ್ನೆ ಅಂದ್ಕತಿದ್ದೆ. ಹಂದಿ ಕಡ್ಯೋ ದಿನ ಬಂದ್ರೆ ಖಾರ ಅರ್ದು ಇಡ್ತಿದ್ದೆ. ಸಂಜೆಗಂಟ ನೋಡಿ, ಅದನ್ನ ಕುಂಬಳಕಾಯಿಗೆ ಹಾಕ್ಬುಡ್ತಿದ್ದೆ. ಯಾಕಣ್ಣ ಬರ್ಲಿಲ್ಲ? ನಾನೇನ್ ತಪ್ ಮಾಡ್ದೆ?"

ಅವಳಿಗೆ ಆ ಎಲುಬಿನ ಮಾತು ಕೇಳಿಸಿಯೇ ಇರಲಿಲ್ಲ. ಒಂಬತ್ತು ವರ್ಷವೂ ಅವಳು ತನ್ನ ತಪ್ಪನ್ನೇ ಹುಡುಕಿದ್ದಳು. ಎಲುಬಿನ ಮಾತು ಈಗ ಎತ್ತಿದರೆ ಅದು ಎಷ್ಟು ಸಣ್ಣದಾಗಿ ಕಾಣುತ್ತದೆಂದು ರೈತನಿಗೇ ಗೊತ್ತಾಯಿತು. "ಏನ್ ತಿಂತೀಯ ಹೇಳು, ತರ್ತೀನಿ" ಎಂದಷ್ಟೇ ಅಂದ.

"ಈಲಿ ಸುಟ್ಕೊಡು. ಅದಾದ್ರೆ ಹಲ್ಲು ಬ್ಯಾಡ" ಎಂದು ಅವಳು ನಕ್ಕಳು.

ರೈತ ಮನೆಗೆ ಓಡಿದ. ಸುಗ್ಗಿ ಇನ್ನೂ ದೂರವಿತ್ತು, ಹಂದಿ ಇನ್ನೂ ಬಲಿತಿರಲಿಲ್ಲ. ಅವನು ಯಾವುದನ್ನೂ ನೋಡಲಿಲ್ಲ. ಬೆಳಕು ಹರಿಯುತ್ತಲೇ ಕಡಿದ. ಈಲಿಯನ್ನು ಬಾಳೆಲೆಯಲ್ಲಿ ಸುತ್ತಿ, ಕಡ್ಡಿಯನ್ನೂ ಉಪ್ಪನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಳೆ ದಾಟಿದ. ಎಲೆಯ ಒಳಗೆ ಅದು ಇನ್ನೂ ಬೆಚ್ಚಗಿತ್ತು.

ತಂಗಿಯ ಮನೆಯ ಮುಂದೆ ಜನ ನಿಂತಿದ್ದರು. ಒಳಗೆ ಒಲೆಗೆ ನೀರು ಸುರಿದಿದ್ದರು. ಅಂಗಳದಲ್ಲಿ ಒಂದು ಬೆಂಕಿ ಉರಿಯುತ್ತಿತ್ತು. ಸಾವಿನ ಮನೆಯ ಮುಂದೆ ಹಾಕುವ ಬೆಂಕಿ ಅದು. ಕೆಂಡ ಚೆನ್ನಾಗಿಯೇ ಬಿದ್ದಿತ್ತು. ಆದರೆ ಅದರ ಮೇಲೆ ಏನನ್ನೂ ಸುಡುವ ಹಾಗಿರಲಿಲ್ಲ.

ಒಂಬತ್ತು ವರ್ಷ ಒಲೆ ಆರದಂತೆ ನೋಡಿಕೊಂಡ ಮನುಷ್ಯ ಆ ಬೆಂಕಿಯ ಮುಂದೆ ಎಲೆಯ ಪೊಟ್ಟಣ ಹಿಡಿದು ನಿಂತ. ಅದು ಅವನ ಕೈಯಲ್ಲೇ ತಣ್ಣಗಾಯಿತು.

ತಿಥಿ ಮುಗಿದ ಮರುದಿನ ನೆಂಟರಿಗೆ ಬಾಡೂಟ. ತಂಗಿಯ ಮನೆಯವರು ಆ ಒಂಬತ್ತು ಸರಗಳನ್ನು ಎರಡು ದಿನ ನೀರಿನಲ್ಲಿ ನೆನೆಸಿ, ಒರಳಲ್ಲಿ ಕುಟ್ಟಿ, ಹದವಾಗಿ ಬೇಯಿಸಿ ಬಡಿಸಿದರು. ತಿಂದವರೆಲ್ಲ ತಲೆದೂಗಿದರು. ಇಷ್ಟು ವರ್ಷದ ಬಾಡು ಇಷ್ಟು ರುಚಿ ಇರುತ್ತದೆಂದು ಯಾರೂ ಕೇಳಿಯೇ ಇರಲಿಲ್ಲ. ತಂಗಿಯ ಗಂಡನೂ ಪಂಕ್ತಿಯಲ್ಲಿ ಕುಳಿತಿದ್ದ. ಅಳುತ್ತಲೇ ತಿಂದ. ತಿಂದು, ಎಲೆಯನ್ನು ಕೈಯಿಂದ ತಡವಿ ನೋಡಿ, ಎದುರಿಗೆ ನಿಂತಿದ್ದ ರೈತನಿಗೆ ಹೇಳಿದ:

"ಒಂದು ಚೂರು ಎಲುಬಿಲ್ಲ ಕಣಪ್ಪ."

ಆ ಮಾತು ಕೇಳಬೇಕೆಂದೇ ರೈತ ಒಂಬತ್ತು ವರ್ಷ ಹೊಗೆ ಹಾಕಿದ್ದ. ಈಗ ಕಿವಿಯಾರೆ ಕೇಳಿದ. ಹಿತ್ತಲಿಗೆ ಹೋಗಿ, ಖಾರ ಅರೆಯುವ ಕಲ್ಲಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಇಕ್ಕಳದಿಂದ ಗೆಣಸನ್ನು ಹೊರಗೆಳೆದು, ಬೂದಿ ಕೊಡವಿ, ಲಕ್ಕಯ್ಯನ ಮುಂದೆ ಇಟ್ಟರು. ಅದರಿಂದ ಆವಿ ಏಳುತ್ತಿತ್ತು. ಲಕ್ಕಯ್ಯ ಅದನ್ನು ಮುಟ್ಟಲಿಲ್ಲ.

"ಆ ರೈತನಿಗೆ ತಂಗಿ ಮೇಲೆ ನಿಜವಾಗ್ಲೂ ಸಿಟ್ಟಿತ್ತಾ, ಗುರುಗಳೇ?" ಎಂದು ಕೊನೆಗೆ ಕೇಳಿದ.

"ಇರಲಿಲ್ಲ. ನಿನ್ನ ಹಾಗೇ" ಎಂದರು ಗುರುಗಳು. ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದರು:

"ನಿಮ್ಮಕ್ಕನ ಬಾಯಲ್ಲಿ ಈಗ ಹಲ್ಲೆಷ್ಟು ಉಳಿದಿವೆ, ಲಕ್ಕಯ್ಯ?"