ಇಬ್ಬರ ಕಟ್ಟೆ

ಸೊನ್ನಬಾಳು ಕೆರೆಯ ಏರಿಯ ಮೇಲೆ, ಮೂಡಣ ತೂಬಿನ ಪಕ್ಕದಲ್ಲಿ, ಒಂದು ಕಲ್ಲುಕಟ್ಟೆ ಇದೆ. ಎರಡಾಳುದ್ದದ ಒಂದೇ ಚಪ್ಪಡಿ; ಎಂಟು ಹತ್ತು ಮಂದಿ ಆರಾಮವಾಗಿ ಕೂರಬಹುದು. ಕೆರೆಯಲ್ಲಿ ಈಗ ನೀರಿಗಿಂತ ಜಾಲಿಯೇ ಹೆಚ್ಚು, ತೂಬಿನ ಬಾಯಿಗೆ ಹೂಳು ತುಂಬಿ ಎಷ್ಟು ಕಾಲವಾಯಿತೋ ಹೇಳುವವರಿಲ್ಲ. ಇಷ್ಟು ದೊಡ್ಡ ಕಟ್ಟೆಗೆ ಊರಿನವರು ಕರೆಯುವುದು ಮಾತ್ರ ಇಬ್ಬರ ಕಟ್ಟೆ ಎಂದು. ಹೊಸಬರು ಬಂದರೆ, ಗಂಡಹೆಂಡಿರ ಕಟ್ಟೆಯಿರಬೇಕು, ಅಣ್ಣತಮ್ಮಂದಿರ ಕಟ್ಟೆಯಿರಬೇಕು ಎಂದು ತಮಗೆ ತೋಚಿದ್ದನ್ನು ಹೇಳುವುದುಂಟು. ಎರಡೂ ಅಲ್ಲ. ಅಲ್ಲಿ ಕೂತವರು ಒಬ್ಬರಿಗೊಬ್ಬರು ನೆಂಟರೂ ಅಲ್ಲ, ಒಂದು ಕುಲದವರೂ ಅಲ್ಲ. ಅವರ ನಡುವೆ ಇದ್ದದ್ದು ಒಂದು ಭಾಷೆ ಮಾತ್ರ.

ಹಿಂದೆ ಒಮ್ಮೆ, ಉಪ್ಪು ಎತ್ತಿನ ಬೆನ್ನೇರಿ ಬರುತ್ತಿದ್ದ ಕಾಲದಲ್ಲಿ, ಹೇರೆತ್ತಿನ ಜನರ ಒಂದು ತಂಡ ಈ ಏರಿಯ ಕೆಳಗೆ ಬಿಡಾರ ಹೂಡಿತ್ತು ಎನ್ನುತ್ತಾರೆ. ಯಾವ ಸೀಮೆಯವರೋ, ಅವರ ಮಾತು ಯಾರಿಗೂ ತಿಳಿಯದು. ಬಂದ ಮೂರನೆಯ ದಿನ ಬಿಡಾರಕ್ಕೆ ವಾಂತಿಭೇದಿ ಹೊಕ್ಕಿತು. ನಮ್ಮೂರಿನವರು ಮಹಾ ದಯಾವಂತರು. ಏರಿಯ ಮೇಲೆ ಗಂಜಿಯ ಗಡಿಗೆ ಇಟ್ಟು, ದೂರದಿಂದ ಕೂಗಿ, ಓಡಿಹೋಗುತ್ತಿದ್ದರಂತೆ. ಎಂಟು ದಿನದಲ್ಲಿ ಗಂಜಿ ಉಣ್ಣಲು ಉಳಿದವಳು ಒಬ್ಬಳೇ ಒಬ್ಬ ಹೆಂಗಸು. ಗಂಡನನ್ನೂ ಉಳಿದ ಹತ್ತು ಮಂದಿಯನ್ನೂ ತಾನೇ ಗುಂಡಿ ತೋಡಿ ಮಣ್ಣು ಮಾಡಿ, ಎತ್ತುಗಳ ಹಗ್ಗ ಬಿಚ್ಚಿ ಬಿಟ್ಟು, ಅವಳು ಊರ ಬಾಗಿಲಿಗೆ ಬಂದು ನಿಂತಳು. ಹೇರಿನ ಜೊತೆ ಬಂದವಳೆಂದು ಊರು ಅವಳಿಗೆ ಹೇರವ್ವ ಎಂದು ಹೆಸರಿಟ್ಟಿತು. ಅವಳ ನಿಜವಾದ ಹೆಸರೇನೆಂದು ಕೇಳುವಷ್ಟು ಪುರುಸೊತ್ತು ಯಾರಿಗಿತ್ತು?

ಹೇರವ್ವ ಊರವರ ಮೇಕೆ ಕಾದುಕೊಂಡು ಬದುಕಿದಳು. ಎರಡೇ ವರ್ಷದಲ್ಲಿ ಕನ್ನಡ ಕಲಿತಳು, ಐದು ವರ್ಷದಲ್ಲಿ ಜಗಳವಾಡುವಷ್ಟು ಕಲಿತಳು, ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅವಳು ಬೇರೆ ಮಾತಿನವಳೆಂಬುದನ್ನೇ ಊರು ಮರೆತುಬಿಟ್ಟಿತು. ಮರೆಯದಿದ್ದವಳು ಅವಳೊಬ್ಬಳೇ. ಅದು ಗೊತ್ತಾದದ್ದು ನೀರುಗಂಟಿ ಹಾಲಪ್ಪನಿಗೆ. ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಐವತ್ತು ದಾಟಿದ ಮನುಷ್ಯ, ದಿನವಿಡೀ ಏರಿಯ ಮೇಲೆ ಒಬ್ಬನೇ. ಒಂದು ಮಧ್ಯಾಹ್ನ ಚಪ್ಪಡಿಯ ಮೇಲೆ ಹೇರವ್ವ ಕೂತು, ಕಲ್ಲು ಮುಟ್ಟಿ ಒಂದು ಮಾತು, ನೀರು ನೋಡಿ ಒಂದು ಮಾತು, ಮೇಕೆಯ ಕಿವಿ ಹಿಡಿದು ಒಂದು ಮಾತು, ಹೀಗೆ ಏನೋ ಒಪ್ಪಿಸುತ್ತಿದ್ದುದನ್ನು ಅವನು ಕೇಳಿದ. ಮಂತ್ರವಿರಬೇಕೆಂದು ಮೊದಲು ಹೆದರಿದನಂತೆ. ಕೇಳಿದಾಗ ಅವಳು ಮುಚ್ಚಿಡದೆ ಹೇಳಿದಳು: ದಿನಕ್ಕಿಷ್ಟು ಅಂತ ತನ್ನ ಮಾತುಗಳನ್ನು ಹೀಗೆ ಬಾಯಲ್ಲಿ ಆಡಿಸಿಕೊಳ್ಳದಿದ್ದರೆ ಅವು ಹೋಗಿಬಿಡುತ್ತವೆ.

ಅವಳ ಚಿಂತೆ ಸಣ್ಣದಲ್ಲ. ಅವರ ಜನರಲ್ಲಿ ಒಂದು ಪದ್ಧತಿ. ಯಾರಾದರೂ ಸತ್ತರೆ, ಮಣ್ಣು ಎಳೆಯುವ ಮೊದಲು ಒಬ್ಬರು ಪಕ್ಕದಲ್ಲಿ ಕೂತು ಮಾತಾಡಬೇಕು. ಹೇರು ಇಳಿಸಿದ್ದೇವೆ, ಎತ್ತುಗಳು ನೀರು ಕುಡಿದವು, ಇನ್ನು ನೀನು ಹೊರಡು, ಎಂದು ತಿಳಿಸಿಹೇಳಬೇಕು. ಸತ್ತವರು ಮರುಪ್ರಶ್ನೆ ಕೇಳುತ್ತಾರೆ, ಅದಕ್ಕೆ ಸುಮ್ಮನಿದ್ದು ಕಿವಿಗೊಟ್ಟು ಜವಾಬು ಕೊಡಬೇಕು. ಯಾರೂ ಮಾತಾಡಿಸದಿದ್ದರೆ ಹೋದ ಜೀವ ಬೆನ್ನ ಮೇಲಿನ ಹೇರು ಇಳಿಸದೆ ಅಲ್ಲೇ ಕೂತಿರುತ್ತದೆ. ಹನ್ನೊಂದು ಮಂದಿಗೆ ಅವಳು ಮಾತಾಡಿ ಕಳಿಸಿದ್ದಳು. ಅವಳು ಸತ್ತಾಗ ಮಾತಾಡಿ ಕಳಿಸಲು ಯಾರೂ ಉಳಿದಿರಲಿಲ್ಲ.

"ನಾವದೀವಲ್ಲವ್ವಾ. ಕನ್ನಡದಾಗ ಹೇಳಿದ್ರ ಆಗಂಗಿಲ್ಲೇನು?" ಎಂದ ಹಾಲಪ್ಪ.

"ನಿಮ್ಮ ಮಾತು ಈಗ ನನಗ ಬರ್ತೈತಿ ಹಾಲಣ್ಣ. ಸತ್ತ ಮ್ಯಾಲೂ ಬರ್ತೈತೋ ಇಲ್ಲೋ ಯಾರಿಗೆ ಗೊತ್ತು? ಆಮ್ಯಾಲೆ ಕಲ್ತಿದ್ದು ಮೊದಲು ಹೋಗ್ತೈತಿ. ತಾಯಿ ಹತ್ರ ಕಲ್ತಿದ್ದಷ್ಟೇ ಉಳೀತೈತಿ."

ಹಾಗಾದರೆ ಆ ನಾಲ್ಕು ಮಾತು ತನಗೆ ಕಲಿಸೆಂದು ಅವನು ಕೇಳಿದ. ಗಿಳಿಪಾಠ ನಡೆಯುವುದಿಲ್ಲ, ಸತ್ತವಳು ತಿರುಗಿ ಏನು ಕೇಳುವಳೋ ಅದಕ್ಕೆ ಜವಾಬು ಬರಬೇಕಲ್ಲ, ಕಲಿತರೆ ಪೂರಾ ಕಲಿಯಬೇಕು ಎಂದಳು ಹೇರವ್ವ. ಹಾಲಪ್ಪ ಒಪ್ಪಿದ. ಯಾಕೆ ಒಪ್ಪಿದನೆಂದರೆ, ಆ ಗಂಜಿಯ ಗಡಿಗೆ ಇಟ್ಟು ಓಡಿಹೋದವರಲ್ಲಿ ತಾನೂ ಒಬ್ಬನೆಂಬುದು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು ಎನ್ನುತ್ತಾರೆ.

ಊರಿಗೆ ನಗಲು ಅಷ್ಟು ಸಾಕಾಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದರು. ಅದು ಸುಳ್ಳೂ ಅಲ್ಲ. ಹಾಲಪ್ಪನ ನಾಲಗೆ ಹೊರಳದು, ನಿನ್ನೆ ಕಲಿತದ್ದು ಇಂದಿಗಿಲ್ಲ. ಕನ್ನಡದ ಒಂದೊಂದು ಮಾತಿಗೂ ಅವಳದೊಂದು ಮಾತು ಜೋಡಿಸಿಟ್ಟುಕೊಂಡರೆ ಕೆಲಸ ಮುಗಿಯಿತೆಂದು ಅವನು ಎಣಿಸಿದ್ದ. ಆದರೆ ಅವಳ ಭಾಷೆಯಲ್ಲಿ ಎತ್ತಿನ ನಡಿಗೆಗೇ ಏಳು ಹೆಸರು. ನಮ್ಮೂರು ಎನ್ನಲು ಒಂದೂ ಇಲ್ಲ. ಎಲ್ಲಿಯೂ ನಿಲ್ಲದ ಜನಕ್ಕೆ ಆ ಮಾತು ಬೇಕಾಗಿಯೇ ಇರಲಿಲ್ಲವಂತೆ. ಅದನ್ನು ಕೇಳಿದ ದಿನ ಹಾಲಪ್ಪನಿಗೆ ಊಟ ಸೇರಲಿಲ್ಲ. ಮತ್ತೊಂದು ದಿನ ಪಾಠದ ಗುಂಗಿನಲ್ಲಿ ತೂಬು ಇಳಿಸುವುದನ್ನೇ ಮರೆತದ್ದರಿಂದ ಗೌಡರ ಗದ್ದೆಯ ಬದು ಒಡೆಯಿತು. "ಮಾತು ಕಲಿಯಾಕ ನೀನೇನು ತೊಟ್ಟಿಲ ಕೂಸೇನಲೇ?" ಎಂದು ಗೌಡರು ಬೈದರು. ಹಾಲಪ್ಪ ತಲೆ ತಗ್ಗಿಸಿ ಬೈಸಿಕೊಂಡು, ಮರುದಿನ ಮತ್ತೆ ಚಪ್ಪಡಿಗೆ ಹೋಗಿ ಕೂತ. ನೀರುಗಂಟಿ ಎಲ್ಲಿ ಎಂದು ಯಾರಾದರೂ ಕೇಳಿದರೆ, ಇಬ್ಬರ ಕಟ್ಟೆಯ ಮೇಲಿದ್ದಾನೆ ಎಂದು ಕಣ್ಣು ಮಿಟುಕಿಸುತ್ತಿದ್ದರು. ಕುಚೋದ್ಯಕ್ಕೆ ಹುಟ್ಟಿದ ಹೆಸರು ಅದು.

ಆರು ವರ್ಷ ಹೀಗೆ ಸಂದವು. ಹಾಲಪ್ಪ ಆ ಮಾತಿನಲ್ಲಿ ತಡವರಿಸದೆ ಹರಟುವಷ್ಟಾದ. ಒಂದು ಸಂಜೆ ಹೇರವ್ವ ಏನೋ ಹೇಳಹೊರಟು ನಡುವೆ ನಿಂತಳು. ತಾಯಿ ಮಕ್ಕಳ ಹಣೆಗೆ ಹಚ್ಚುವ ಬೂದಿಗೆ ತಮ್ಮವರು ಏನೆನ್ನುತ್ತಿದ್ದರೋ ಅದು ಬಾಯಿಗೆ ಬರಲಿಲ್ಲ. ಹಾಲಪ್ಪ ಮೆಲ್ಲಗೆ ಹೇಳಿಕೊಟ್ಟ. ಅವಳೇ ಅವನಿಗೆ ಕಲಿಸಿದ ಮಾತು. ಇನ್ನೊಬ್ಬರ ಬಾಯಿಂದ ಅದನ್ನು ಕೇಳಿ ಅವಳು ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತಳಂತೆ, ಬಹಳ ಹೊತ್ತು.

ಮರುವರ್ಷ ಹೇರವ್ವ ಹಾಸಿಗೆ ಹಿಡಿದಳು. ಅವಳು ಹೆದರಿದಂತೆಯೇ ಆಯಿತು. ಜ್ವರ ಏರಿದಂತೆ ಕನ್ನಡ ಅವಳನ್ನು ಬಿಟ್ಟುಹೋಯಿತು. ಕೊನೆಯ ನಾಲ್ಕು ದಿನ ಅವಳು ಬೇಡಿದ್ದು, ಬೈದದ್ದು, ನೆನೆಸಿಕೊಂಡದ್ದು ಹಾಲಪ್ಪನೊಬ್ಬನಿಗೇ ತಿಳಿಯಿತು. ಸತ್ತ ದಿನ ಅವಳನ್ನು ಆ ಚಪ್ಪಡಿಯ ಮೇಲೆ ಮಲಗಿಸಿದರು. ಊರೆಲ್ಲ ಸುತ್ತ ನಿಂತಿತ್ತು. ಹಾಲಪ್ಪ ಅವಳನ್ನು ಅವಳ ಹೆಸರಿನಿಂದ ಕರೆದ. ಊರವರು ಆ ಹೆಸರು ಕೇಳಿದ್ದು ಅದೇ ಮೊದಲು. ಎಷ್ಟು ಪ್ರಯತ್ನಿಸಿದರೂ ಯಾರ ನಾಲಗೆಯಲ್ಲೂ ಅದು ನಿಲ್ಲಲಿಲ್ಲ. ಮಧ್ಯಾಹ್ನದಿಂದ ಹೊತ್ತು ಇಳಿಯುವತನಕ ಅವನು ಮಾತಾಡಿದ. ನಡುನಡುವೆ ಸುಮ್ಮನಾಗಿ ತಲೆ ಬಾಗಿಸುತ್ತಿದ್ದ, ಮತ್ತೆ ಜವಾಬು ಕೊಡುತ್ತಿದ್ದ. ನಕ್ಕವರು ಯಾರೂ ಅಂದು ನಗಲಿಲ್ಲ. ಕೊನೆಗೆ ಎದ್ದು, "ಹೊಂಟ್ಳು. ಮಣ್ಣು ಕೊಡ್ರಿ" ಎಂದ.

ಅವಳ ಹೇರು ಇಳಿಯಿತು, ಅದು ಹಾಲಪ್ಪನ ಬೆನ್ನಿಗೆ ಬಂತು. ಆ ಮಾತು ಬಲ್ಲವನು ಲೋಕದಲ್ಲಿ ಈಗ ಅವನೊಬ್ಬನೇ. ಹೆಂಡತಿ ನೀಲವ್ವ ಮರುಕಪಟ್ಟು, "ಅದರಾಗ ಏನೇನು ಮಾತಾಡ್ತಿದ್ರಿ? ನನಗಾರ ಹೇಳ್ರಿ" ಎಂದಳು. ಕನ್ನಡಕ್ಕೆ ತಂದರೆ ಅದೆಲ್ಲ ಮಳೆ, ಮೇಕೆ, ಮೊಣಕಾಲು ನೋವು. ಅಷ್ಟು ಹೇಳಿ ಅವನು ಎದ್ದು ಕೆರೆಯ ಕಡೆ ಹೋದ. ಇನ್ನು ಅದು ಒಬ್ಬರ ಕಟ್ಟೆ ಎಂದು ಯಾರೋ ಅಂದಾಗ ಮಾತ್ರ ಸಿಡುಕಿದ: "ಮಾತಂದ್ರ ಇಬ್ಬರದು. ಒಬ್ಬನ ಬಾಯಾಗ ಇದ್ರ ಅದು ಮಾತಲ್ಲ." ಆಮೇಲೆ ಆ ಹೆಸರನ್ನು ಯಾರೂ ಬದಲಿಸಲಿಲ್ಲ. ದಿನಾ ಚಪ್ಪಡಿಯ ಒಂದು ತುದಿಗೆ ಕೂತು ಅವನು ಕಲ್ಲು, ನೀರು, ಮರ ಎಂದು ಒಪ್ಪಿಸುತ್ತಿದ್ದ. ವರ್ಷ ಕಳೆದಂತೆ ಮಾತುಗಳು ಒಂದೊಂದಾಗಿ ಜಾರಿದವು. ಮರೆತ ಕಡೆ ನಿಂತು, ಪಕ್ಕಕ್ಕೆ ತಿರುಗಿ, ಕಾಯುತ್ತಿದ್ದನಂತೆ. ಹೇಳಿಕೊಡುವವರು ಯಾರೂ ಇರಲಿಲ್ಲ. ಸಾಯುವ ಹೊತ್ತಿಗೆ ಅವನಲ್ಲಿ ಉಳಿದದ್ದು ಕನ್ನಡವಷ್ಟೇ. "ಅವಳ ಹೆಸರೂ ಹೋತಲ್ಲೇ" ಎಂದು ನೀಲವ್ವನ ಕೈ ಹಿಡಿದು ಅತ್ತು, ಅವನು ಪ್ರಾಣ ಬಿಟ್ಟ.

ಅವನನ್ನು ಮಣ್ಣಿಗೆ ಒಯ್ಯುವಾಗ ನೀಲವ್ವ ಚಟ್ಟವನ್ನು ಕಟ್ಟೆಯ ಮೇಲೆ ಇಳಿಸಿ ಎಂದಳು. ಯಾರ ಅಪ್ಪಣೆಯನ್ನೂ ಕೇಳದೆ ಪಕ್ಕದಲ್ಲಿ ಕೂತು ಮಾತಿಗೆ ತೊಡಗಿದಳು. ಕೆರೆಗೆ ನೀರು ಬಂದ ಸುದ್ದಿ, ಎಮ್ಮೆ ಈದ ಸುದ್ದಿ, ಎಲ್ಲ ಅಚ್ಚ ಕನ್ನಡದಲ್ಲಿ. ಇಂದಿಗೂ ಸೊನ್ನಬಾಳಿನಲ್ಲಿ ಸಾವಾದರೆ ಹೆಣವನ್ನು ಇಬ್ಬರ ಕಟ್ಟೆಯ ಮೇಲೆ ಇಳಿಸುತ್ತಾರೆ, ಮನೆಯವರೊಬ್ಬರು ಕೂತು ಮಾತಾಡುತ್ತಾರೆ. ಹೇರವ್ವನ ಭಾಷೆಯ ಒಂದು ಮಾತೂ ಊರಿನಲ್ಲಿ ಉಳಿದಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡಿದರೆ, ಮಾತಾಡುವವರು ನಡುವೆ ಸುಮ್ಮನಾಗಿ ತಲೆ ಬಾಗಿಸುವುದು ಕಾಣುತ್ತದೆ. ಗುದ್ದಲಿ ಹಿಡಿದವರು ಆಗ ಕೆಮ್ಮುವುದೂ ಇಲ್ಲ.