ದೇವರ ಅಡಿಗೆಯವನ ನೆತ್ತಿ

“ಗುರುಗಳೇ, ಜಪಕ್ಕೆ ಕುಳಿತಾಗ ಬೇಡದ ಯೋಚನೆ ಬರುತ್ತದೆ. ಬಂದಾಗಲೆಲ್ಲ ತಪ್ಪಿಗೆ ದಂಡವೆಂದು ಒಂದು ಹೊತ್ತಿನ ಊಟ ಬಿಡುತ್ತೇನೆ. ಆದರೂ ಯೋಚನೆಗಳು ಹೆಚ್ಚುತ್ತಲೇ ಇವೆ. ಇದಕ್ಕಿಂತ ಕಠಿಣವಾದ ವ್ರತವಿದ್ದರೆ ಕೊಡಿ” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಜಪಮಣಿಯನ್ನು ಕೆಳಗಿಟ್ಟು, “ಕುಳಿತುಕೋ. ಒಬ್ಬ ಅಡಿಗೆಯವನ ಕತೆ ಹೇಳುತ್ತೇನೆ” ಎಂದರು.

ಒಂದು ಊರಿನ ದೇವಸ್ಥಾನದಲ್ಲಿ ಒಬ್ಬ ಅಡಿಗೆಯವನಿದ್ದ. ಅವನ ತಂದೆಯೂ ಅಲ್ಲಿಯೇ ನೈವೇದ್ಯ ಬೇಯಿಸಿದವನು. ಆ ಸೇವೆ ಬಿಟ್ಟರೆ ಅವನಿಗೆ ಬೇರೆ ಲೋಕವಿರಲಿಲ್ಲ. ಹೇಳಿ ಕೇಳಿ ದೇವರ ಅಡಿಗೆ. ಮಿಂದು ಮಡಿಯುಟ್ಟ ಮೇಲೆ ಕೂದಲಿಗೆ ಕೈ ತಾಕಿದರೆ ಮಡಿ ಹೋಯಿತು. ಮತ್ತೆ ತಲೆಗೆ ನೀರು ಸುರಿದುಕೊಂಡೇ ಒಲೆಯ ಮುಂದೆ ಬರಬೇಕು.

ಒಂದು ಚಳಿಗಾಲದಲ್ಲಿ ಅವನ ನೆತ್ತಿಯಲ್ಲಿ ನವೆ ಎದ್ದಿತು. ಅರಿವಿಲ್ಲದೆ ಕೈ ಮೇಲೆ ಹೋಯಿತು. ಉಗುರಿನ ಸಂದಿಯಲ್ಲಿ ಬಿಳಿಯ ಹೊಟ್ಟು ಬಂತು. ಇದರಲ್ಲಿ ಒಂದು ಚೂರು ದೇವರ ಎಡೆಗೆ ಬಿದ್ದರೆ ಗತಿಯೇನು? ಬಾವಿಗೆ ಓಡಿದ. ಅಂಟುವಾಳದ ನೊರೆಯಲ್ಲಿ ತಲೆಯುಜ್ಜಿ ಮಿಂದು ಬಂದ. ಅನ್ನ ಕುದಿ ಬರುವಷ್ಟರಲ್ಲಿ ಮತ್ತೆ ನವೆ, ಮತ್ತೆ ಬಾವಿ.

ಜಿಡ್ಡಿದ್ದರೆ ಕೊಳೆ ನಿಲ್ಲುತ್ತದೆಂದು ತಲೆಗೆ ಎಣ್ಣೆ ಹಚ್ಚುವುದನ್ನೇ ನಿಲ್ಲಿಸಿದ. ಅಂಟುವಾಳ ಸಾಲದೆಂದು ಸೀಗೆ ಬೆರೆಸಿದ. ಸೀಗೆಯೂ ಸಾಲದೆಂದು ಬೂದಿ ಬೆರೆಸಿದ. ಮಿಂದಷ್ಟೂ ನವೆ, ನವೆಯೆದ್ದಷ್ಟೂ ಕೆರೆತ, ಕೆರೆದಷ್ಟೂ ಸ್ನಾನ. ತಲೆಗೆ ಬಟ್ಟೆ ಬಿಗಿದುಕೊಂಡ. ಬಟ್ಟೆಯೊಳಗೆ ಇರುವೆ ಹರಿದಂತಾಯಿತು. ಕೈ ಸೌಟು ತಿರುವುತ್ತಿತ್ತು, ಮನಸ್ಸು ಮಾತ್ರ ನೆತ್ತಿಯನ್ನೇ ಕಾಯುತ್ತಿತ್ತು. ದೇವರಿಗಿಡುವ ಮುಂಚೆ ರುಚಿ ನೋಡುವಂತಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೇ ಅವನಿಗೆ ಮರೆಯತೊಡಗಿತು.

ಒಂದು ದಿನ ಕರಿ ಎಳ್ಳಿನ ಚಿಗಳಿಯ ನೈವೇದ್ಯ. ಹರಿವಾಣದ ತುಂಬ ಉಂಡೆ ಕಟ್ಟಿಟ್ಟ. ಎತ್ತಿಕೊಳ್ಳಲು ಬಗ್ಗಿದಾಗ ಒಂದು ಉಂಡೆಯ ಮೇಲೆ ಬಿಳಿಯ ಚೂರು ಕಂಡಿತು. ಯಾರಿಗೂ ಹೇಳದೆ ಅಷ್ಟನ್ನೂ ಹಿತ್ತಲಿನ ಹಸುವಿನ ಬಾನಿಗೆ ಸುರಿದು ಮೀಯಲು ಓಡಿದ. ಗಂಟೆ ಬಾರಿಸಲು ನಿಂತವರು ನಿಂತೇ ಇದ್ದರು. ಪ್ರಸಾದಕ್ಕೆಂದು ಎಲೆಯ ಮುಂದೆ ಕುಳಿತಿದ್ದ ಮಕ್ಕಳು ಅಳತೊಡಗಿದವು. ಅರ್ಚಕರು ಹುಡುಕಿಕೊಂಡು ಬಂದು ಬಾನಿಯೊಳಗೆ ಇಣುಕಿದರು.

“ಏನಯ್ಯಾ ಇದು?”

“ಬಿಳೀದು ಏನೋ ಬಿದ್ದಿತ್ತು ಸ್ವಾಮಿ...”

“ಚಿಗಳಿಗೆ ಕೊಬ್ಬರಿ ತುರಿದು ಹಾಕಿದವನು ನೀನೇ ಅಲ್ಲವೇನಯ್ಯಾ! ದೇವರನ್ನು ಕಾಯಿಸಿದೆ, ಹಸುವಿಗೆ ಹಬ್ಬ ಮಾಡಿದೆ. ಇನ್ನೊಮ್ಮೆ ಹೀಗಾದರೆ ಬೇರೆ ಕೈ ಹುಡುಕಬೇಕಾಗುತ್ತದೆ.”

ಅಡಿಗೆಯವನು ಮನೆಗೆ ಬಂದವನೇ ಬೂದಿಯ ಬಟ್ಟಲು ಹಿಡಿದು ಮತ್ತೆ ಬಾವಿಯ ಕಡೆ ನಡೆದ. ಹೆಂಡತಿ ಬಟ್ಟಲು ಕಿತ್ತುಕೊಂಡಳು. ಜಗುಲಿಯ ಬಿಸಿಲಿಗೆ ಕೂರಿಸಿ ಕೂದಲು ಬಿಡಿಸಿ ನೋಡಿದಳು.

“ಅಯ್ಯೋ ಶಿವನೇ! ಇದು ಕೊಳೆ ಅಲ್ಲ ಕಣ್ರೀ, ನಿಮ್ಮ ಚರ್ಮ. ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದು ಏಳ್ತಾ ಇದೆ. ದೇವರ ದೀಪಕ್ಕೆ ದಿನಾ ಎಣ್ಣೆ ಹಾಕ್ತೀರಿ. ಈ ತಲೆಗೆ ಎಣ್ಣೆ ಮುಟ್ಟಿಸಿ ಎಷ್ಟು ದಿನ ಆಯ್ತು?”

ಅವನಿಗೆ ನೆನಪಾಗಲಿಲ್ಲ. “ಎಣ್ಣೆ ಹಚ್ಚಿ ಕೂತರೆ ನಾಳೆಯ ನೈವೇದ್ಯ?” ಎಂದ.

“ಅರ್ಚಕರೇ ಒಂದು ಹಿಡಿ ಅನ್ನ ಬೇಯಿಸ್ಕೊಳ್ಳಲಿ. ನೀವು ಹುಟ್ಟೋ ಮುಂಚೆ ದೇವರೇನು ಉಪವಾಸ ಇದ್ದನೇ?”

ಅವಳು ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಂದು ನೆತ್ತಿಯ ಮೇಲೆ ಹೊಯ್ದಳು. ಎಣ್ಣೆ ಹಣೆಗಿಳಿದಾಗ ಅವನಿಗೆ, ಸೇವೆಯೇ ಕೈಬಿಟ್ಟು ಹೋಯಿತೆಂದು ಅಳು ಬಂತು. ಅತ್ತುಕೊಂಡೇ ಕುಳಿತಿದ್ದ. ಸ್ವಲ್ಪ ಹೊತ್ತಿಗೆ ಹೆಂಡತಿ ಬಗ್ಗಿ ನೋಡಿದರೆ, ಅವನ ಕೈಗಳೆರಡೂ ಮಡಿಲಲ್ಲಿದ್ದವು. ಕುಳಿತಲ್ಲಿಯೇ ನಿದ್ದೆ ಹತ್ತಿತ್ತು.

ಹೀಗೆ ಕೆಲವು ದಿನ ಕಳೆದವು. ಅವನು ಮತ್ತೆ ಒಲೆಯ ಮುಂದೆ ನಿಂತಾಗ ತನಗೊಂದು ನೆತ್ತಿಯಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಸಾರಿಗೆ ಉಪ್ಪು ಹಾಕಿದ್ದು ಮಾತ್ರ ನೆನಪಿತ್ತು.

ಇಷ್ಟು ಹೇಳಿ ಗುರುಗಳು ಮತ್ತೆ ಜಪಮಣಿಯನ್ನು ಕೈಗೆತ್ತಿಕೊಂಡರು. ಶಿಷ್ಯ ಕಾದು ನೋಡಿದ. ತಡೆಯಲಾರದೆ, “ಹಾಗಾದರೆ ನನಗೆ ಯಾವ ವ್ರತ, ಗುರುಗಳೇ?” ಎಂದ.

ಗುರುಗಳು ಅವನ ಬತ್ತಿದ ಮುಖವನ್ನು ನೋಡಿದರು.

“ಮಗು, ನೀನು ಹೊಟ್ಟೆ ತುಂಬ ಉಂಡು ಎಷ್ಟು ದಿನವಾಯಿತು?”

ಶಿಷ್ಯ ಬೆರಳು ಮಡಿಸಿ ಎಣಿಸತೊಡಗಿದ.