ಎತ್ತು ಹಿಂದೆ ಬರುವ ದಾರಿ

"ಬುದ್ಧಿ, ಇದ್ದಲ್ಲೇ ಇರುತ್ತೇನೆ ಅನ್ನುವವನು ತೃಪ್ತನೋ, ಅಂಜುಬುರುಕನೋ?"

ಕೇಳಿದವನು ಮಠದ ದಾಸೋಹದಲ್ಲಿ ಅಡುಗೆ ಮಾಡುವ ಕರಿಬಸಯ್ಯ. ಊಟದ ಗಂಟೆಗೆ ಇನ್ನೂ ಹೊತ್ತಿತ್ತು. ಅವನು ಒಲೆಯ ಮುಂದಿನಿಂದ ಎದ್ದು, ಹೆಗಲ ವಸ್ತ್ರಕ್ಕೆ ಕೈ ಒರೆಸಿಕೊಳ್ಳುತ್ತ ನೇರವಾಗಿ ಗುರುಗಳ ಬಳಿಗೆ ಬಂದಿದ್ದ.

ಮಠದ ಹಿರಿಯರು ಅವನಿಗೆ ಪಾರುಪತ್ಯ ಕೊಡಬೇಕೆಂದಿದ್ದರು. ಉಗ್ರಾಣದ ಬೀಗದ ಕೈ, ಆಳುಕಾಳುಗಳ ಮೇಲಿನ ಅಧಿಕಾರ, ಬಂದವರ ಎದುರಿನಲ್ಲಿ ಚಾಪೆಯ ಮೇಲೆ ಕೂರುವ ಹಕ್ಕು ಎಲ್ಲವೂ ಬರುತ್ತಿತ್ತು. ಅವನಿಗೆ ಅದು ಬೇಕಿರಲಿಲ್ಲ. ಮುದ್ದೆ ತೊಳಸುವುದರಲ್ಲಿ ಅವನಿಗೆ ಸುಖವಿತ್ತು. ಬೇಡ ಎಂದಿದ್ದ.

"ಊರೆಲ್ಲ ಉದ್ಧಾರವಾಗಲಿ, ನೀವು ಮುದ್ದೆಕೋಲು ಹಿಡಿದುಕೊಂಡೇ ಇರಿ" ಎಂದಳು ಹೆಂಡತಿ. ಅದು ಅವನಿಗೆ ತಾಕಲಿಲ್ಲ. ಆದರೆ ಭಾವಮೈದುನ ನಕ್ಕು, "ಭಾವನಿಗೆ ಧೈರ್ಯ ಸಾಲದು. ಅದಕ್ಕೇ ತೃಪ್ತಿ ಅಂತ ಹೆಸರಿಟ್ಟುಕೊಂಡಿದ್ದಾರೆ" ಎಂದದ್ದು ತಾಕಿತು. ಅಂದಿನಿಂದ ಅವನು ಕಂಡಕಂಡವರನ್ನು ಈ ಪ್ರಶ್ನೆ ಕೇಳುತ್ತಿದ್ದ. ತೃಪ್ತ ಎಂದವರಿದ್ದರು. ಅಂಜುಬುರುಕ ಎಂದವರೂ ಇದ್ದರು. ಯಾರ ಮಾತೂ ಅವನಲ್ಲಿ ನಿಲ್ಲಲಿಲ್ಲ. ಈಗ ಮುದ್ದೆ ತೊಳಸುವಾಗ ಹಿಂದಿನ ಸುಖವೂ ಇರಲಿಲ್ಲ. ಅದು ಮತ್ತೆ ಬರದಿದ್ದರೆ ಎಂಬ ಭಯ ಹತ್ತಿತ್ತು.

"ಹಿರಿಯರು ಇನ್ನೊಮ್ಮೆ ಯೋಚಿಸು ಎಂದಿದ್ದಾರೆ. ನಾಳೆ ಅವರಿಗೆ ಕಡೆಯ ಮಾತು ಹೇಳಬೇಕು. ನಾನು ಎಂಥವನು ಎಂದು ನನಗೇ ತಿಳಿಯದೆ ಏನು ಹೇಳಲಿ?"

ಗುರುಗಳು ಅವನಿಗೆ ಕೂರಲು ಸನ್ನೆ ಮಾಡಿ, ಹೇಳತೊಡಗಿದರು.

ಒಬ್ಬ ಒಡೆಯನಿಗೆ ಒಂದು ವೀಳ್ಯದೆಲೆಯ ತೋಟವಿತ್ತು. ತೋಟದ ಬಾವಿಯಲ್ಲಿ ಕಪಿಲೆ ಹೊಡೆಯಲು ಒಬ್ಬ ಆಳಿದ್ದ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ನೀರು ತುಂಬಿದ ತೊಗಲ ಬಾನಿ ಮೇಲೆ ಬರುತ್ತಿತ್ತು. ಅವು ಹಿಂದಡಿ ಇಡುತ್ತ ದಿಬ್ಬಕ್ಕೆ ಮರಳಿದರೆ ಬರಿದಾದ ಬಾನಿ ಬಾವಿಗೆ ಇಳಿಯುತ್ತಿತ್ತು. ಎತ್ತು ಇಳಿಯುವಾಗ ಕಪಿಲೆಯವನು ನೊಗದಿಂದ ಬಾನಿಗೆ ಬಿಗಿದ ಹಗ್ಗದ ಮೇಲೆ ಕೂತು ಹಾಡುತ್ತಿದ್ದ. ಏರುವಾಗ ಅವುಗಳ ಮುಂದೆ ನಿಂತು ಹಿಂದಕ್ಕೆ ನಡೆಸುತ್ತಿದ್ದ. ಎಷ್ಟು ಮುಂದೆ ಹೋಗುತ್ತಿದ್ದನೋ ಅಷ್ಟೇ ಹಿಂದೆ ಬರುತ್ತಿದ್ದ. ತೋಟ ಹಸಿರಾಗಿತ್ತು.

ಒಂದು ದಿನ ಒಡೆಯ ಅವನನ್ನು ಕರೆದು, "ಎಷ್ಟು ದಿನ ಅಂತ ಎತ್ತಿನ ಜೊತೆ ಒದ್ದಾಡುತ್ತೀಯೆ? ತೋಟಕ್ಕೆ ಮೇಸ್ತ್ರಿಯಾಗು. ನೆರಳಲ್ಲಿ ನಿಂತು ಕೆಲಸ ಮಾಡಿಸು" ಎಂದ.

"ಬೇಡ ಸ್ವಾಮಿ. ಆ ಹಗ್ಗದ ಮೇಲೆ ಕೂತರೆ ನನಗೆ ಇನ್ನೇನೂ ಬೇಕು ಅನ್ನಿಸುವುದಿಲ್ಲ."

ಒಡೆಯನಿಗೆ ಆಶ್ಚರ್ಯವಾಯಿತು. ಮೇಲೇರು ಎಂದರೆ ಒಲ್ಲೆ ಎನ್ನುವವನನ್ನು ಅವನು ಕಂಡಿರಲಿಲ್ಲ. ಸಂತೆಯಲ್ಲಿ ನಾಲ್ಕು ಜನಕ್ಕೆ ಹೇಳಿದ. ನಾಲ್ಕು ಜನ ನಾಲ್ಕು ಊರಿಗೆ ಹೇಳಿದರು.

ಕರಿಬಸಯ್ಯ ತಲೆದೂಗಿದ. ಕತೆ ತನ್ನ ಕಡೆಗೇ ಬರುತ್ತಿದೆ ಎನ್ನಿಸಿ ಅವನ ಎದೆ ಹಗುರಾಯಿತು. ಅಡುಗೆಮನೆಯಿಂದ ಯಾರೋ ಅವನ ಹೆಸರು ಹಿಡಿದು ಕರೆದರು. ಅವನು ಕಿವಿಗೊಡಲಿಲ್ಲ.

ಗುರುಗಳು ಮುಂದುವರಿಸಿದರು.

ಆ ಕಪಿಲೆಯವನನ್ನು ನೋಡಲು ಜನ ಬರತೊಡಗಿದರು. ಏನೂ ಬೇಡ ಅನ್ನುವುದು ಹೇಗೆ, ಅದನ್ನು ಕಲಿಯುವುದು ಹೇಗೆ ಎಂದು ಕೇಳಿದರು. ಮೊದಮೊದಲು ಅವನು, ಎತ್ತು ಇಳಿಯುವಾಗ ಕೇಳಿದ ಪ್ರಶ್ನೆಗೆ ಎತ್ತು ಏರಿ ಬಂದ ಮೇಲೆ ಉತ್ತರ ಹೇಳುತ್ತಿದ್ದ. ದೂರದಿಂದ ಬಂದವರನ್ನು ಬಿಸಿಲಿನಲ್ಲಿ ನಿಲ್ಲಿಸುವುದು ಅವನಿಗೆ ಸರಿಕಾಣಲಿಲ್ಲ. ಎತ್ತುಗಳನ್ನು ತಡೆದು ನಿಲ್ಲಿಸಿ ಹೇಳತೊಡಗಿದ. ಆಮೇಲೆ ನೊಗ ಇಳಿಸಿಯೇ ಹೇಳತೊಡಗಿದ. ತೋಟದ ಕೊನೆಯ ಸಾಲಿನ ಬಳ್ಳಿಗಳು ಬಾಡಿದವು. ಒಡೆಯ ಬೈಯಲಿಲ್ಲ. ಅಂಥವನು ತನ್ನ ತೋಟದಲ್ಲಿದ್ದಾನೆ ಎಂಬುದು ಅವನಿಗೂ ಹೆಮ್ಮೆಯೇ. ಕಪಿಲೆ ಹೊಡೆಯಲು ಇನ್ನೊಬ್ಬನನ್ನು ಇಟ್ಟುಕೊಂಡ.

ಒಂದು ದಿನ ಬಂದವರು ಬಹಳ ಜನ. ಕಪಿಲೆಯವನು ಬಾವಿಯ ಪಕ್ಕದ ದಿಬ್ಬದ ಮೇಲೆ ಕೂತು, ಹಗ್ಗದ ಮೇಲಿನ ಸುಖ ಎಂಥದ್ದು ಎಂದು ವಿವರಿಸುತ್ತಿದ್ದ. ಇಳಿಜಾರಿನ ಕೆಳಗಿನಿಂದ ಹೊಸ ಆಳು ಕೂಗಿದ.

"ಅಣ್ಣಾ, ಸುಖದ ವಿಚಾರ ಆಮೇಲೆ ಹೇಳುವೆಯಂತೆ. ಒಂಚೂರು ಆಚೆ ಸರಿದು ಕೂತ್ಕೊ. ಎತ್ತು ಹಿಂದೆ ಬರಬೇಕು."

ಜನ ನಕ್ಕರು. ಅವನು ಸರಿದು ಕೂತ. ಜನ ಚದುರಿದ ಮೇಲೆ ಬಾವಿಯ ಬಳಿಗೆ ಹೋಗಿ, ಹಗ್ಗದ ಮೇಲೆ ಕೂತು ಎತ್ತುಗಳಿಗೆ ದನಿ ಕೊಟ್ಟ. ಅವು ಕದಲಲಿಲ್ಲ. ಕಿವಿಯನ್ನು ಮಾತ್ರ ಹೊಸಬನ ಕಡೆಗೆ ತಿರುಗಿಸಿದವು.

ಅವನು ಒಡೆಯನ ಮನೆಗೆ ಹೋದ.

"ಸ್ವಾಮಿ, ನೀವು ಕೊಟ್ಟದ್ದನ್ನು ನಾನು ತೆಗೆದುಕೊಳ್ಳಲಿಲ್ಲ. ನನ್ನಲ್ಲಿ ಇದ್ದದ್ದನ್ನು ಬಿಟ್ಟುಕೊಡುತ್ತೇನೆ ಎಂದು ಯಾರಿಗೂ ಹೇಳಲಿಲ್ಲ. ನನ್ನ ಕೆಲಸ ಎಲ್ಲಿ ಹೋಯಿತು?"

 

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಕರಿಬಸಯ್ಯ ಕಾದ. ಕತೆ ಮುಗಿದಂತೆ ಅವನಿಗೆ ಕಾಣಲಿಲ್ಲ. ಮೇಸ್ತ್ರಿಯಾಗಿದ್ದರೆ ಹಗ್ಗ ಹೋಗುತ್ತಿತ್ತು. ಮೇಸ್ತ್ರಿಯಾಗಲಿಲ್ಲ, ಆದರೂ ಹೋಯಿತು. ಬೇಡ ಎಂದದ್ದು ತಪ್ಪೇ? ತಪ್ಪಾದರೆ, ಬೇಡ ಎಂದ ದಿನ ಅವನು ಅಷ್ಟು ಸುಖವಾಗಿ ಇದ್ದದ್ದು ಹೇಗೆ? ಒಂದು ಎಳೆ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಒಳಗಿನಿಂದ ಮತ್ತೆ ಕರೆ ಬಂತು. ಅವನು ಕೂತಲ್ಲಿಂದಲೇ, "ಬಂದೆ ಇರಪ್ಪ" ಎಂದು ಕೂಗಿ, ಗುರುಗಳ ಕಡೆಗೆ ಇನ್ನಷ್ಟು ಸರಿದು ಕೂತ.

"ಹಾಗಾದರೆ ಅವನು ಮೇಸ್ತ್ರಿಯಾಗಬೇಕಿತ್ತೇ ಬುದ್ಧಿ? ಅವನು ತೃಪ್ತನೋ, ಅಂಜುಬುರುಕನೋ? ಅದನ್ನು ನೀವು ಹೇಳಲೇ ಇಲ್ಲವಲ್ಲ."

ಗುರುಗಳು ಅಡುಗೆಮನೆಯ ಕಡೆ ನೋಡಿದರು.

"ಒಲೆಯ ಮೇಲೆ ಏನಿಟ್ಟು ಬಂದೆಯಪ್ಪ?"

ಕರಿಬಸಯ್ಯನೂ ಅತ್ತ ತಿರುಗಿದ. ಏನಿಟ್ಟಿದ್ದೆ ಎಂಬುದು ಅವನಿಗೆ ನೆನಪಾಗಲಿಲ್ಲ.